ಕಾಯಿನ್ ಹಾಕಿದರೂ ಗೇಮ್ ಶುರುವಾಗುತ್ತಿಲ್ಲವೇ? ಆರ್ಕೇಡ್ ಯಂತ್ರಗಳ ವೈರಿಂಗ್ ದೋಷ ಪತ್ತೆ ಹಚ್ಚುವುದು ಹೇಗೆ? ಇಲ್ಲಿದೆ ವಿವರ

ಗಚ್ಚಿಬೌಲಿ (ಹೈದರಾಬಾದ್): ವಾರಾಂತ್ಯ ಬಂತೆಂದರೆ ಗಚ್ಚಿಬೌಲಿ, ಕೊಂಡಾಪುರ, ಹೈಟೆಕ್ ಸಿಟಿ ಭಾಗದ ಮಾಲ್‌ಗಳ ಗೇಮ್ ಝೋನ್‌ಗಳಲ್ಲಿ ಮಕ್ಕಳದ್ದೇ ಸದ್ದು. ಕೆಲಸಕ್ಕಾಗಿ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೂ ಇವು ಪರಿಚಿತ ಜಾಗಗಳೇ. ಸಾಲಾಗಿ ನಿಂತ ಯಂತ್ರಗಳ ಪೈಕಿ ಒಂದೆರಡರ ಮೇಲೆ 'ಕೆಟ್ಟಿದೆ' ಎಂಬ ಚೀಟಿ ಅಂಟಿಸಿರುವುದನ್ನು ನೀವೂ ನೋಡಿರುತ್ತೀರಿ.

ಇಂಥ ಯಂತ್ರ ಕೈಕೊಟ್ಟಾಗ 'ಬೋರ್ಡ್ ಹೋಗಿದೆ' ಎನ್ನುವ ಮಾತು ಮೊದಲು ಬರುತ್ತದೆ. ಆದರೆ ಬೋರ್ಡ್ ಬದಲಿಸುವ ಮೊದಲು ನೋಡಬೇಕಾದದ್ದು ಬೋರ್ಡ್‌ಗೆ ಹೋಗುವ ತಂತಿಗಳನ್ನು. ಅದರಲ್ಲೂ ಎರಡು ತಂತಿಗಳು ಮುಖ್ಯ. ಒಂದು ಗ್ರೌಂಡ್ ತಂತಿ. ಅದು ಕಡಿದರೆ ಗೇಮ್ ನಿಲ್ಲುತ್ತದೆ. ಇನ್ನೊಂದು ಅರ್ಥಿಂಗ್ ತಂತಿ. ಅದು ಕಡಿದರೆ ಗೇಮ್ ನಿಲ್ಲುವುದಿಲ್ಲ, ಎಂದಿನಂತೆ ನಡೆಯುತ್ತಲೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ. ಗೇಮ್ ಝೋನ್ ನಡೆಸುವವರು, ರಿಪೇರಿ ಕೆಲಸ ಕಲಿಯುತ್ತಿರುವ ಯುವಕರು ಮತ್ತು ಮಕ್ಕಳನ್ನು ಆಡಿಸಲು ಕರೆದೊಯ್ಯುವ ಪೋಷಕರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಮೊದಲ ದೂರೇ ಕಾಯಿನ್ ಡಬ್ಬಿಯದು!

ಆರ್ಕೇಡ್ ಇತಿಹಾಸದ ಅತ್ಯಂತ ಪ್ರಸಿದ್ಧ ರಿಪೇರಿ ನಡೆದದ್ದು 1972ರಲ್ಲಿ. ಅಟಾರಿ ಕಂಪನಿ ತನ್ನ 'ಪಾಂಗ್' ಗೇಮ್‌ನ ಮೊದಲ ಯಂತ್ರವನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದ ಆಂಡಿ ಕ್ಯಾಪ್ಸ್ ಎಂಬ ಬಾರ್‌ನಲ್ಲಿ ಇಟ್ಟಿತ್ತು. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಅದನ್ನು ರೂಪಿಸಿದ್ದ ಎಂಜಿನಿಯರ್ ಆಲ್ ಆಲ್‌ಕಾರ್ನ್ ಹೋಗಿ ಬಾಗಿಲು ತೆರೆದು ನೋಡಿದರೆ ಸರ್ಕ್ಯೂಟ್ ಸರಿಯಾಗಿಯೇ ಇತ್ತು. ನಾಣ್ಯ ಬೀಳಲೆಂದು ಇಟ್ಟಿದ್ದ ಡಬ್ಬಿ ತುಂಬಿ ತುಳುಕಿ, ಕಾಯಿನ್ ಹಾಕುವ ಭಾಗವೇ ಕೆಲಸ ನಿಲ್ಲಿಸಿತ್ತು.

ಐವತ್ತು ವರ್ಷ ಕಳೆದರೂ ಪಾಠ ಅದೇ. ದುಬಾರಿ ಭಾಗವನ್ನು ಅನುಮಾನಿಸುವ ಮೊದಲು ಸರಳ ಭಾಗವನ್ನು ನೋಡಿ.

ಯಂತ್ರದ ಒಳಗೆ ಏನೇನಿದೆ?

90ರ ದಶಕದ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ಕಾಯಿನ್ ಹಾಕಿ ಆಡಿದವರಿಗೆ 1991ರ 'ಸ್ಟ್ರೀಟ್ ಫೈಟರ್ 2', 1993ರ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ನೆನಪಿರಬಹುದು. ಎರಡನೆಯದನ್ನು ನಮ್ಮಲ್ಲಿ ಹುಡುಗರು ಅದರ ಪಾತ್ರದ ಹೆಸರಿನಿಂದ 'ಮುಸ್ತಫಾ' ಎಂದೇ ಕರೆಯುತ್ತಿದ್ದರು. ಆ ಕಾಲದ ಯಂತ್ರಗಳಿಗೂ ಇಂದಿನ ಅನೇಕ ಮಲ್ಟಿ ಗೇಮ್ ಯಂತ್ರಗಳಿಗೂ ಒಳಗಿನ ವೈರಿಂಗ್ ಕ್ರಮ ಬಹುತೇಕ ಒಂದೇ.

ಇದಕ್ಕೆ ಕಾರಣ ಜಪಾನಿನ ಆರ್ಕೇಡ್ ತಯಾರಕರ ಸಂಘ 1985ರಲ್ಲಿ ತಂದ 'ಜಾಮಾ' ಎಂಬ ವೈರಿಂಗ್ ಮಾನದಂಡ. ಒಂದು ಬದಿಗೆ 28ರಂತೆ ಒಟ್ಟು 56 ಪಿನ್‌ಗಳ ಒಂದೇ ಕನೆಕ್ಟರ್‌ನಲ್ಲಿ ವಿದ್ಯುತ್, ಚಿತ್ರ, ಧ್ವನಿ, ಬಟನ್, ಕಾಯಿನ್ ಎಲ್ಲವೂ ಬೋರ್ಡ್‌ಗೆ ಸೇರುತ್ತವೆ. ಮುಖ್ಯ ಭಾಗಗಳು ಇಷ್ಟು:

* ಎಸ್‌ಎಂಪಿಎಸ್: 230 ವೋಲ್ಟ್ ಎಸಿಯನ್ನು 5 ವೋಲ್ಟ್ ಮತ್ತು 12 ವೋಲ್ಟ್ ಡಿಸಿಗೆ ಇಳಿಸುತ್ತದೆ
* ಗೇಮ್ ಬೋರ್ಡ್: 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ
* ಮಾನಿಟರ್: ಹಳೆಯದಾದರೆ ಪಿಕ್ಚರ್ ಟ್ಯೂಬ್, ಹೊಸದಾದರೆ ಎಲ್‌ಸಿಡಿ
* ಜಾಯ್‌ಸ್ಟಿಕ್ ಮತ್ತು ಬಟನ್: ಪ್ರತಿಯೊಂದರ ಕೆಳಗೂ ಒಂದು ಮೈಕ್ರೋ ಸ್ವಿಚ್
* ಕಾಯಿನ್ ಅಕ್ಸೆಪ್ಟರ್ ಅಥವಾ ಕಾರ್ಡ್ ರೀಡರ್
* ಇವನ್ನೆಲ್ಲ ಜೋಡಿಸುವ ವೈರ್‌ಗಳ ಕಟ್ಟು

ಕೈ ಹಾಕುವ ಮುನ್ನ ಈ ಎಚ್ಚರಿಕೆ ಇರಲಿ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳಲ್ಲಿ 320 ವೋಲ್ಟ್ ಆಸುಪಾಸಿನ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಉಳಿಯಬಹುದು. ಹಾಗಾಗಿ ಎಸ್‌ಎಂಪಿಎಸ್ ಬಿಚ್ಚಬೇಡಿ. ಅದನ್ನು ಇಡಿಯಾಗಿ ಬದಲಿಸುವುದೇ ಕ್ಷೇಮ.

ಹಳೆಯ ಪಿಕ್ಚರ್ ಟ್ಯೂಬ್ ಇನ್ನೂ ಅಪಾಯಕಾರಿ. ಬಣ್ಣದ ಟ್ಯೂಬ್‌ಗೆ 20,000 ವೋಲ್ಟ್‌ಗೂ ಹೆಚ್ಚಿನ ವಿದ್ಯುತ್ ಬೇಕು, ಆಫ್ ಮಾಡಿದ ಮೇಲೂ ಟ್ಯೂಬ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಟಿವಿ ರಿಪೇರಿಯಲ್ಲಿ ಅನುಭವ ಇಲ್ಲದವರು ಮಾನಿಟರ್ ಭಾಗಕ್ಕೆ ಕೈ ಹಾಕಲೇಬಾರದು.

1. ಯಂತ್ರ ಆನ್ ಆಗುತ್ತಲೇ ಇಲ್ಲ

ಮೊದಲು ಅದೇ ಸಾಕೆಟ್‌ಗೆ ಬೇರೆ ಉಪಕರಣ ಹಾಕಿ ನೋಡಿ. ಸಾಕೆಟ್ ಸರಿಯಿದ್ದರೆ ಪ್ಲಗ್ ಕಿತ್ತು ಪವರ್ ಕಾರ್ಡ್, ಯಂತ್ರದ ಹಿಂದಿನ ಸ್ವಿಚ್, ಫ್ಯೂಸ್ ಈ ಕ್ರಮದಲ್ಲಿ ಪರೀಕ್ಷಿಸಿ. ಕೆಲವು ಕ್ಯಾಬಿನೆಟ್‌ಗಳಲ್ಲಿ ಬಾಗಿಲು ತೆರೆದಾಗ ವಿದ್ಯುತ್ ಕಡಿತಗೊಳಿಸುವ ಸ್ವಿಚ್ ಇರುತ್ತದೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಯಂತ್ರ ಸತ್ತಂತೆ ಕಾಣುತ್ತದೆ.

ಫ್ಯೂಸ್ ಸುಟ್ಟಿದ್ದರೆ ಅದೇ ರೇಟಿಂಗ್‌ನ, ಅದೇ ಬಗೆಯ ಫ್ಯೂಸ್ ಹಾಕಿ. ತಾಮ್ರದ ಎಳೆ ಸುತ್ತಿ 'ಸದ್ಯಕ್ಕೆ ನಡೆಯಲಿ' ಎನ್ನುವ ಅಭ್ಯಾಸ ನಮ್ಮಲ್ಲಿದೆ. ಆ ಎಳೆ ಫ್ಯೂಸ್‌ನ ಹಾಗೆ ಸುಡುವುದಿಲ್ಲ, ಅದರ ಬದಲು ವೈರ್ ಸುಡುತ್ತದೆ. ಹೊಸ ಫ್ಯೂಸ್ ಕೂಡ ತಕ್ಷಣ ಹೋದರೆ ಒಳಗೆಲ್ಲೋ ಶಾರ್ಟ್ ಇದೆ ಎಂದರ್ಥ. ಮೂರನೇ ಫ್ಯೂಸ್ ಹಾಕುವ ಬದಲು ಆ ಶಾರ್ಟ್ ಎಲ್ಲಿದೆ ಎಂದು ಹುಡುಕಿ.

2. ಆಟದ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ

ಇದು ತಂತ್ರಜ್ಞರನ್ನು ಹೆಚ್ಚು ದಾರಿ ತಪ್ಪಿಸುವ ದೋಷ. ಬೋರ್ಡ್ ಕೆಟ್ಟಂತೆ ಕಂಡರೂ ಕಾರಣ ಹಲವು ಸಲ 5 ವೋಲ್ಟ್ ಲೈನ್‌ನಲ್ಲಿರುತ್ತದೆ. ಹಳೆಯ ಬೋರ್ಡ್‌ಗಳ ಚಿಪ್‌ಗಳಿಗೆ 4.75ರಿಂದ 5.25 ವೋಲ್ಟ್ ಒಳಗೇ ವಿದ್ಯುತ್ ಸಿಗಬೇಕು.

ಇಲ್ಲಿ ಎಲ್ಲಿ ಅಳೆಯುತ್ತೀರಿ ಎಂಬುದೇ ಮುಖ್ಯ. ಎಸ್‌ಎಂಪಿಎಸ್ ಬಳಿ ಅಳೆದರೆ 5.05 ವೋಲ್ಟ್ ತೋರಿಸಬಹುದು. ಆದರೆ ಬೋರ್ಡ್ ಬಳಿ ಅಷ್ಟು ತಲುಪಿರಬೇಕಲ್ಲ? ಒಂದು ಲೆಕ್ಕ ನೋಡಿ: ಬೋರ್ಡ್ 4 ಆಂಪಿಯರ್ ಎಳೆಯುತ್ತಿದೆ, ದಾರಿಯಲ್ಲಿ ತುಕ್ಕು ಹಿಡಿದ ಕನೆಕ್ಟರ್‌ನ ರೆಸಿಸ್ಟೆನ್ಸ್ ಕೇವಲ 0.1 ಓಮ್. ಆಗ 0.4 ವೋಲ್ಟ್ ದಾರಿಯಲ್ಲೇ ಸೋರಿ, ಬೋರ್ಡ್‌ಗೆ ಸಿಗುವುದು 4.65 ವೋಲ್ಟ್ ಮಾತ್ರ. ಸೋರಿದ ಆ 1.6 ವ್ಯಾಟ್ ಅದೇ ಕನೆಕ್ಟರ್‌ನಲ್ಲಿ ಶಾಖವಾಗುತ್ತದೆ. ಕನೆಕ್ಟರ್‌ನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಕಾರಣ ಇದೇ.

ಹಾಗಾಗಿ ಯಂತ್ರ ಆನ್ ಇರುವಾಗಲೇ ಬೋರ್ಡ್‌ನ ಅಂಚಿನಲ್ಲಿ ಅಳೆಯಿರಿ. ಜಾಮಾ ಕನೆಕ್ಟರ್‌ನಲ್ಲಿ 1 ಮತ್ತು 2ನೇ ಪಿನ್ ಗ್ರೌಂಡ್, 3 ಮತ್ತು 4ನೇ ಪಿನ್ 5 ವೋಲ್ಟ್, 6ನೇ ಪಿನ್ 12 ವೋಲ್ಟ್. ಕನೆಕ್ಟರ್‌ನ ಇನ್ನೊಂದು ತುದಿಯ 27 ಮತ್ತು 28 ಕೂಡ ಗ್ರೌಂಡ್. ಮೀಟರ್‌ನ ಕಡ್ಡಿ ಜಾರಿ ಪಕ್ಕದ ಪಿನ್ ತಾಗದಂತೆ ಜಾಗ್ರತೆ ವಹಿಸಿ.

ಎಸ್‌ಎಂಪಿಎಸ್ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸುವುದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ನಾಳೆ ಯಾರೋ ಆ ಕನೆಕ್ಟರ್ ಸ್ವಚ್ಛ ಮಾಡಿದರೆ ಏರಿಸಿದ ವೋಲ್ಟೇಜ್ ಪೂರ್ತಿ ಬೋರ್ಡ್‌ಗೆ ತಲುಪಿ ಚಿಪ್‌ಗಳು ಹೋಗಬಹುದು. ಮೊದಲು ಕನೆಕ್ಟರ್ ಸರಿಪಡಿಸಿ, ಆಮೇಲೆ ಸ್ಕ್ರೂ ಮುಟ್ಟಿ.

ಕನೆಕ್ಟರ್ ಮರಳಿ ಹಾಕುವಾಗ ತಲೆಕೆಳಗಾಗದಂತೆ ನೋಡಿಕೊಳ್ಳಿ. ಜಾಮಾದಲ್ಲಿ 7ನೇ ಜಾಗ ಇದನ್ನು ಗುರುತಿಸಲೆಂದೇ ಇದೆ.

3. ಬಟನ್ ಕೆಲಸ ಮಾಡುತ್ತಿಲ್ಲ: ಒಂದೇ, ಎಲ್ಲವೂ?

ಬಟನ್ ಒತ್ತಿದಾಗ ಮೈಕ್ರೋ ಸ್ವಿಚ್ ಆ ಬಟನ್‌ನ ತಂತಿಯನ್ನು ಗ್ರೌಂಡ್‌ಗೆ ಸೇರಿಸುತ್ತದೆ. ಬೋರ್ಡ್ ಅದನ್ನೇ 'ಒತ್ತಲಾಗಿದೆ' ಎಂದು ಓದುತ್ತದೆ. ಪ್ರತಿ ಬಟನ್‌ಗೂ ತನ್ನದೇ ಸಿಗ್ನಲ್ ತಂತಿ ಇರುತ್ತದೆ. ಆದರೆ ಗ್ರೌಂಡ್ ಮಾತ್ರ ಒಂದೇ ತಂತಿ. ಸ್ವಿಚ್‌ನಿಂದ ಸ್ವಿಚ್‌ಗೆ ಹೂಮಾಲೆಯ ದಾರದಂತೆ ಸಾಗುತ್ತದೆ.

ಇದು ಗೊತ್ತಿದ್ದರೆ ದೋಷ ಎಲ್ಲಿದೆ ಎಂದು ಮೀಟರ್ ಇಲ್ಲದೆಯೂ ಊಹಿಸಬಹುದು:

* ಒಂದೇ ಬಟನ್ ಸತ್ತಿದ್ದರೆ: ಆ ಸ್ವಿಚ್ ಅಥವಾ ಅದರ ಸಿಗ್ನಲ್ ತಂತಿ
* ಒಂದು ಬಟನ್‌ನಿಂದ ಮುಂದಿನವೆಲ್ಲ ಸತ್ತಿದ್ದರೆ: ಆ ಜಾಗದಲ್ಲಿ ಗ್ರೌಂಡ್ ದಾರ ಕಡಿದಿದೆ
* ಎಲ್ಲವೂ ಸತ್ತಿದ್ದರೆ: ಗ್ರೌಂಡ್ ದಾರ ಶುರುವಾಗುವ ಜಾಗದಲ್ಲೇ ಬಿಟ್ಟಿದೆ
* ಯಾರೂ ಮುಟ್ಟದೆ ಪಾತ್ರ ಒಂದೇ ಕಡೆ ಓಡುತ್ತಿದ್ದರೆ: ಸ್ವಿಚ್ ಅಂಟಿಕೊಂಡಿದೆ ಅಥವಾ ಸಿಗ್ನಲ್ ತಂತಿ ಲೋಹಕ್ಕೆ ತಾಗುತ್ತಿದೆ

ಮೈಕ್ರೋ ಸ್ವಿಚ್‌ನಲ್ಲಿ ಮೂರು ಕಾಲುಗಳಿವೆ: ಕಾಮನ್, ಸಾಮಾನ್ಯವಾಗಿ ತೆರೆದಿರುವುದು, ಸಾಮಾನ್ಯವಾಗಿ ಮುಚ್ಚಿರುವುದು. ಗ್ರೌಂಡ್ ಕಾಮನ್‌ಗೆ, ಸಿಗ್ನಲ್ ತೆರೆದಿರುವ ಕಾಲಿಗೆ ಹೋಗಬೇಕು. ಹೊಸ ಸ್ವಿಚ್ ಹಾಕಿದ ಕೂಡಲೇ ಬಟನ್ ಉಲ್ಟಾ ವರ್ತಿಸಿದರೆ ತಂತಿ ಮುಚ್ಚಿರುವ ಕಾಲಿಗೆ ಸಿಕ್ಕಿದೆ ಎಂದು ತಿಳಿಯಿರಿ.

'ಸ್ಟ್ರೀಟ್ ಫೈಟರ್ 2' ಮಾದರಿಯ ಆರು ಬಟನ್ ಗೇಮ್‌ಗಳಲ್ಲಿ ಪಂಚ್ ಕೆಲಸ ಮಾಡಿ ಮೂರೂ ಕಿಕ್ ಬಟನ್ ಒಟ್ಟಿಗೆ ಸತ್ತರೆ ಸ್ವಿಚ್ ಬಿಚ್ಚಬೇಡಿ. ಮೂಲ ಜಾಮಾದಲ್ಲಿ ಒಬ್ಬ ಆಟಗಾರನಿಗೆ ಮೂರೇ ಬಟನ್. ಕಿಕ್‌ಗಳು ಬೋರ್ಡ್‌ನ ಬೇರೊಂದು ಕನೆಕ್ಟರ್‌ಗೆ ಹೋಗುತ್ತವೆ. ಅದು ಸಡಿಲವಾಗಿರಬಹುದು.

4. ಕಾಯಿನ್ ನುಂಗುತ್ತದೆ, ಆಟ ಕೊಡುವುದಿಲ್ಲ

ಗ್ರಾಹಕರು ಜಗಳಕ್ಕೆ ನಿಲ್ಲುವುದು ಇಲ್ಲೇ. ಕಾಯಿನ್ ಬಾಗಿಲ ಒಳಗೆ 'ಸರ್ವಿಸ್' ಬಟನ್ ಇರುತ್ತದೆ. ಅದನ್ನು ಒತ್ತಿ ನೋಡಿ. ಕ್ರೆಡಿಟ್ ಬಂದರೆ ಬೋರ್ಡ್ ಸರಿಯಿದೆ, ದೋಷ ಕಾಯಿನ್ ಭಾಗದ್ದು. ಸರ್ವಿಸ್ ಬಟನ್‌ಗೂ ಕ್ರೆಡಿಟ್ ಬರದಿದ್ದರೆ ಗ್ರೌಂಡ್ ತಂತಿ ಪರೀಕ್ಷಿಸಿ. ಜಾಮಾದಲ್ಲಿ ಮೊದಲ ಕಾಯಿನ್ ಸಿಗ್ನಲ್ 16ನೇ ಪಿನ್, ಸ್ಟಾರ್ಟ್ ಬಟನ್ 17ನೇ ಪಿನ್.

ಎಲೆಕ್ಟ್ರಾನಿಕ್ ಕಾಯಿನ್ ಅಕ್ಸೆಪ್ಟರ್‌ಗೆ ಸಾಮಾನ್ಯವಾಗಿ 12 ವೋಲ್ಟ್ ಬೇಕು. ಅದು ಕಡಿಮೆಯಾದರೆ ಎಲ್ಲ ಕಾಯಿನ್‌ಗಳನ್ನೂ ವಾಪಸ್ ಉಗುಳುತ್ತದೆ. ಮಾದರಿ ಕಾಯಿನ್ ಇಟ್ಟು ಹೋಲಿಸುವ ಬಗೆಯದ್ದಾದರೆ ಆ ಮಾದರಿ ಜಾಗ ತಪ್ಪಿದೆಯೇ ನೋಡಿ.

ನಮ್ಮ ನಾಣ್ಯಗಳದ್ದೇ ಒಂದು ತೊಡಕಿದೆ. 1992ರ ಸರಣಿಯ ಸ್ಟೀಲ್ ಒಂದು ರೂಪಾಯಿ ನಾಣ್ಯ ಮತ್ತು 2011ರ ಸರಣಿಯ ಎರಡು ರೂಪಾಯಿ ನಾಣ್ಯ ಎರಡರದ್ದೂ ಅಗಲ 25 ಮಿ.ಮೀ., ತೂಕ 4.85 ಗ್ರಾಂ. ಲೋಹವೂ ಸ್ಟೀಲ್. ಯಂತ್ರಕ್ಕೆ ಇವೆರಡರ ನಡುವೆ ವ್ಯತ್ಯಾಸ ತಿಳಿಯುವುದು ಕಷ್ಟ. ಗೇಮ್ ಝೋನ್‌ಗಳಿಗೆ ತಮ್ಮದೇ ಟೋಕನ್ ಅನುಕೂಲವಾಗುವುದಕ್ಕೆ ಇದೂ ಒಂದು ಕಾರಣ.

ಈಗ ಮಾಲ್‌ಗಳಲ್ಲಿ ಕಾಯಿನ್ ಬದಲು ಕಾರ್ಡ್ ಬಂದಿದೆಯಲ್ಲ ಎನ್ನಬಹುದು. ಆದರೆ ಅನೇಕ ಯಂತ್ರಗಳಲ್ಲಿ ಕಾರ್ಡ್ ರೀಡರ್ ಕೂಡ ಅದೇ ಕಾಯಿನ್ ತಂತಿಯಲ್ಲಿ 'ಕಾಯಿನ್ ಬಿತ್ತು' ಎಂಬ ಸಿಗ್ನಲ್ ಕಳಿಸುತ್ತದೆ. ಕಾರ್ಡ್‌ನಿಂದ ಹಣ ಕಡಿತವಾಗಿ ಆಟ ಬರದಿದ್ದರೆ ನೋಡಬೇಕಾದದ್ದು ಅದೇ ಹಳೆಯ ತಂತಿಯನ್ನು.

5. ಚಿತ್ರ, ಧ್ವನಿಯ ತೊಂದರೆ

ಚಿತ್ರದಲ್ಲಿ ಒಂದು ಬಣ್ಣ ಮಾತ್ರ ಕಾಣೆಯಾದರೆ ಆ ಬಣ್ಣದ ತಂತಿ ಬಿಟ್ಟಿರಬಹುದು. ಜಾಮಾದಲ್ಲಿ ಕೆಂಪು 12ನೇ ಪಿನ್, ಅದರ ಎದುರು ಬದಿಯಲ್ಲಿ ಹಸಿರು. ನೀಲಿ 13ನೇ ಪಿನ್, ಅದರ ಎದುರು ಸಿಂಕ್. ಬಣ್ಣ ಸರಿಯಿದ್ದು ಚಿತ್ರ ಮೇಲೆ ಕೆಳಗೆ ಉರುಳುತ್ತಿದ್ದರೆ ಅಥವಾ ಓರೆಯಾಗಿ ಹರಿಯುತ್ತಿದ್ದರೆ ಸಿಂಕ್ ತಂತಿ ನೋಡಿ. ಧ್ವನಿ ಇಲ್ಲದಿದ್ದರೆ ಸ್ಪೀಕರ್‌ನ ಎರಡೂ ತಂತಿ ಪರೀಕ್ಷಿಸಿ, ಆದರೆ ಸ್ಪೀಕರ್‌ನ ಮೈನಸ್ ತಂತಿಯನ್ನು ಗ್ರೌಂಡ್‌ಗೆ ಸೇರಿಸಬೇಡಿ. ಕೆಲವು ಬೋರ್ಡ್‌ಗಳಲ್ಲಿ ಇದರಿಂದ ಆಂಪ್ಲಿಫೈಯರ್ ಕೆಡುತ್ತದೆ.

ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಇದನ್ನು ಕಡೆಗಣಿಸಬೇಡಿ

ಮೇಲಿನ ಎಲ್ಲ ದೋಷಗಳಲ್ಲೂ ನಷ್ಟವಾಗುವುದು ಹಣ ಮತ್ತು ಸಮಯ. ಅರ್ಥಿಂಗ್ ದೋಷದಲ್ಲಿ ಹೋಗುವುದು ಜೀವ.

ಎಸ್‌ಎಂಪಿಎಸ್‌ಗಳ ಒಳಗೆ ವಿದ್ಯುತ್ ಗದ್ದಲ ತಡೆಯಲು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ಸಣ್ಣ ಕೆಪಾಸಿಟರ್‌ಗಳನ್ನು ಜೋಡಿಸಿರುತ್ತಾರೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಅಲ್ಪ ವಿದ್ಯುತ್ ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಕಡಿದರೆ ಯಂತ್ರದ ಲೋಹದ ಭಾಗ ಸುಮಾರು 115 ವೋಲ್ಟ್‌ಗೆ, ಅಂದರೆ ಸಪ್ಲೈನ ಅರ್ಧಕ್ಕೆ ಏರಿ ನಿಲ್ಲುತ್ತದೆ. ಹರಿಯುವ ವಿದ್ಯುತ್ ಒಂದು ಯಂತ್ರದಲ್ಲಿ ಒಂದು ಮಿಲಿ ಆಂಪಿಯರ್‌ಗಿಂತ ಕಡಿಮೆ ಇರಬಹುದು. ಕೈಗೆ ಜುಮ್ಮೆನ್ನುವುದು ಇದರಿಂದಲೇ. ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹತ್ತು ಯಂತ್ರ ಜೋಡಿಸಿ, ಆ ಬೋರ್ಡ್‌ನ ಅರ್ಥಿಂಗ್ ಕಡಿದಿದ್ದರೆ ಹತ್ತೂ ಯಂತ್ರಗಳ ಸೋರಿಕೆ ಒಟ್ಟು ಸೇರುತ್ತದೆ.

ಜುಮ್ಮೆನ್ನುವ ಯಂತ್ರ ಆ ಕ್ಷಣಕ್ಕೆ ಕೊಲ್ಲದಿರಬಹುದು. ಆದರೆ ಅದು ಹೇಳುತ್ತಿರುವುದು ಒಂದೇ: ರಕ್ಷಣೆಯ ತಂತಿ ಇಲ್ಲ. ಮುಂದೆ ಇಲಿ ಕಡಿದೋ, ಬಾಗಿಲಿಗೆ ಸಿಕ್ಕಿ ಜಜ್ಜಿಯೋ ಫೇಸ್ ತಂತಿ ಲೋಹಕ್ಕೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ. ಎಂಸಿಬಿ ಟ್ರಿಪ್ ಆಗಲು ಹಲವು ಆಂಪಿಯರ್ ಬೇಕು. ಮನುಷ್ಯನ ಪ್ರಾಣಕ್ಕೆ ಕೆಲವು ಹತ್ತು ಮಿಲಿ ಆಂಪಿಯರ್ ಸಾಕು. ಆ ಪ್ಯಾನೆಲ್ ಮೇಲೆ ಆಗ ಇರುವುದು ಮಗುವಿನ ಎರಡೂ ಕೈ.

ಗೇಮ್ ಝೋನ್ ನಡೆಸುವವರು ಮಾಡಬೇಕಾದದ್ದು:

* ಪ್ಲಗ್ ಕಿತ್ತು, ಮೀಟರ್ ಅನ್ನು ಓಮ್‌ಗೆ ಇಟ್ಟು, ಪ್ಲಗ್‌ನ ಉದ್ದದ ದಪ್ಪ ಪಿನ್‌ನಿಂದ ಕಾಯಿನ್ ಬಾಗಿಲು ಮತ್ತು ಕಂಟ್ರೋಲ್ ಪ್ಯಾನೆಲ್ ಲೋಹಕ್ಕೆ ಅಳೆಯಿರಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು
* ಸಾಕೆಟ್‌ನ ಅರ್ಥಿಂಗ್ ಅನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ
* 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ಪರೀಕ್ಷಿಸಿ
* ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆದರೆ ಅದನ್ನು ತೆಗೆಸಬೇಡಿ, ಸೋರಿಕೆ ಹುಡುಕಿ
* ಎರಡು ಪಿನ್ ಪ್ಲಗ್ ಅಥವಾ ಅರ್ಥ್ ಪಿನ್ ಕತ್ತರಿಸಿದ ಪ್ಲಗ್ ಕಂಡರೆ ಯಂತ್ರ ಅಲ್ಲೇ ನಿಲ್ಲಿಸಿ

ವಿದೇಶಿ ಯಂತ್ರವಾದರೆ ಬಣ್ಣ ನಂಬಬೇಡಿ

ನಮ್ಮ ಹಳೆಯ ವೈರಿಂಗ್ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಅಮೆರಿಕದ ಯಂತ್ರದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಯುರೋಪ್ ಪದ್ಧತಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥಿಂಗ್. ಅಮೆರಿಕದ ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ನಮ್ಮ ರೂಢಿಯಂತೆ ಕಪ್ಪನ್ನು ನ್ಯೂಟ್ರಲ್‌ಗೆ ಕೊಟ್ಟರೆ ಯಂತ್ರ ನಡೆಯುತ್ತದೆ. ಆದರೆ ಒಳಗಿನ ಸ್ವಿಚ್ ಮತ್ತು ಫ್ಯೂಸ್ ನ್ಯೂಟ್ರಲ್ ಲೈನ್‌ನಲ್ಲಿ ಉಳಿಯುತ್ತವೆ. ಸ್ವಿಚ್ ಆಫ್ ಮಾಡಿದ ಮೇಲೂ ಒಳಗೆ ಫೇಸ್ ಇರುತ್ತದೆ.

ಜಪಾನಿನ ಕ್ಯಾಬಿನೆಟ್‌ಗಳು 100 ವೋಲ್ಟ್‌ಗೆ, ಅಮೆರಿಕದವು 120 ವೋಲ್ಟ್‌ಗೆ ತಯಾರಾದವು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್‌ಗೆ ಹಾಕಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಹಳೆಯ ಮಾನಿಟರ್‌ಗಳ ಜೊತೆ ಬರುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅನ್ನು 'ಅನಗತ್ಯ ಭಾರ' ಎಂದು ತೆಗೆಯಬೇಡಿ. ಅಂಥ ಮಾನಿಟರ್‌ನ ಲೋಹದ ಚೌಕಟ್ಟೇ ಕರೆಂಟ್ ಲೈನ್‌ಗೆ ನೇರ ಸಂಪರ್ಕದಲ್ಲಿರಬಹುದು.

ಜಾತ್ರೆ, ವಸ್ತುಪ್ರದರ್ಶನಗಳಲ್ಲಿ ಹೆಚ್ಚು ಎಚ್ಚರ

ಮಾಲ್‌ನಲ್ಲಿ ಕಟ್ಟಡದ ಅರ್ಥಿಂಗ್ ಇರುತ್ತದೆ. ಊರ ಜಾತ್ರೆ, ವಸ್ತುಪ್ರದರ್ಶನಗಳ ತಾತ್ಕಾಲಿಕ ಮಳಿಗೆಗಳಲ್ಲಿ ಜನರೇಟರ್‌ನಿಂದ ವೈರ್ ಎಳೆದು ಯಂತ್ರ ನಡೆಸಿದರೆ ಪ್ರತ್ಯೇಕ ಅರ್ಥಿಂಗ್ ರಾಡ್ ಹೂಳದ ಹೊರತು ಅರ್ಥ್ ಪಿನ್ ಹೆಸರಿಗಷ್ಟೇ. ಮಳೆ ಬಂದು ನೆಲ ಒದ್ದೆಯಾದರೆ, ಬರಿಗಾಲ ಮಕ್ಕಳಿಗೆ ಅಪಾಯ ಇಮ್ಮಡಿ.

ಗುಜರಾತ್‌ನ ರಾಜ್‌ಕೋಟ್‌ನಲ್ಲಿ 2024ರ ಮೇ 25ರಂದು ಟಿಆರ್‌ಪಿ ಗೇಮ್ ಝೋನ್‌ನಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ ಮಕ್ಕಳೂ ಸೇರಿ 27 ಮಂದಿ ಮೃತಪಟ್ಟಿದ್ದರು. ಅಲ್ಲಿ ಬೆಂಕಿಗೆ ವೆಲ್ಡಿಂಗ್ ಕಿಡಿ ಕಾರಣ ಎನ್ನಲಾಗಿತ್ತು, ವೈರಿಂಗ್ ಅಲ್ಲ. ಆದರೂ ಆಟದ ಜಾಗದಲ್ಲಿ ಸುರಕ್ಷತೆ ಕಾಗದಕ್ಕೆ ಸೀಮಿತವಾದರೆ ಏನಾಗುತ್ತದೆ ಎಂಬುದಕ್ಕೆ ಅದು ದೊಡ್ಡ ಎಚ್ಚರಿಕೆ.

ಪೋಷಕರು ಏನು ಮಾಡಬೇಕು?

* ಮಗು 'ಕೈ ಜುಮ್ ಅಂತಿದೆ' ಎಂದರೆ ತಕ್ಷಣ ಯಂತ್ರದಿಂದ ದೂರ ಕರೆದುಕೊಳ್ಳಿ. ಪಕ್ಕದ ಯಂತ್ರಕ್ಕೆ ಹೋಗಿ ಸುಮ್ಮನಾಗಬೇಡಿ, ಸಿಬ್ಬಂದಿಗೆ ತಿಳಿಸಿ ಪ್ಲಗ್ ಕೀಳಿಸಿ
* ಒದ್ದೆ ಕೈ, ಬರಿಗಾಲಲ್ಲಿ ಆಡಲು ಬಿಡಬೇಡಿ
* ಸುಟ್ಟ ವಾಸನೆ, ತೆರೆದ ಬಾಗಿಲು, ಹೊರಗೆ ಇಣುಕುವ ವೈರ್ ಕಂಡರೆ ಆ ಯಂತ್ರ ಬೇಡ
* ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿಸಿ, 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ತರಬೇತಿ ಇರುವವರಿಂದ ಸಿಪಿಆರ್ ಶುರು ಮಾಡಿಸಿ
* ವಿದ್ಯುತ್ ಸಪ್ಲೈಗೆ ಸಂಬಂಧಿಸಿದ ದೂರಿಗೆ ತೆಲಂಗಾಣ, ಕರ್ನಾಟಕ ಎರಡರಲ್ಲೂ 1912 ಸಂಖ್ಯೆ ಇದೆ

ಕಲಿಯುವವರಿಗೆ ಏನೇನು ಬೇಕು?

ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್, ಕ್ರಿಂಪಿಂಗ್ ಟೂಲ್, ಸೋಲ್ಡರಿಂಗ್ ಐರನ್, ಕಾಂಟ್ಯಾಕ್ಟ್ ಕ್ಲೀನರ್, ಒಂದಷ್ಟು ಮೈಕ್ರೋ ಸ್ವಿಚ್ ಇದ್ದರೆ ಇಲ್ಲಿ ಹೇಳಿದ ಬಹುತೇಕ ಕೆಲಸ ಮಾಡಬಹುದು. ಬಿಡಿಭಾಗಗಳಿಗೆ ಹೈದರಾಬಾದ್‌ನಲ್ಲಿ ಕೋಠಿಯ ಗುಜರಾತಿ ಗಲ್ಲಿ, ಬೆಂಗಳೂರಿನಲ್ಲಿ ಎಸ್‌ಪಿ ರೋಡ್ ಹೆಸರುವಾಸಿ.

ಪ್ರತಿ ಯಂತ್ರದ ಬಾಗಿಲ ಒಳಗೆ ಒಂದು ಸಣ್ಣ ನೋಟ್‌ಬುಕ್ ಇಡಿ. ಯಾವ ದಿನ ಯಾವ ದೋಷ ಬಂತು, ಬೋರ್ಡ್ ಬಳಿ ಎಷ್ಟು ವೋಲ್ಟ್ ಇತ್ತು, ಅರ್ಥಿಂಗ್ ಅಳತೆ ಎಷ್ಟಿತ್ತು ಎಂದು ಬರೆದಿಡಿ. ಕಳೆದ ತಿಂಗಳು 0.3 ಓಮ್ ಇದ್ದದ್ದು ಈ ತಿಂಗಳು 5 ಓಮ್ ಆಗಿದ್ದರೆ ತಂತಿ ಸಡಿಲವಾಗುತ್ತಿದೆ ಎಂದರ್ಥ. ಗೇಮ್ ಆಗಲೂ ಎಂದಿನಂತೆ ನಡೆಯುತ್ತಿರುತ್ತದೆ, ಆಡುವವರಿಗೆ ಯಾವ ಸುಳಿವೂ ಸಿಗುವುದಿಲ್ಲ. ಬದಲಾವಣೆ ಗೊತ್ತಾಗುವುದು ಅಳೆದು ಬರೆದಿಟ್ಟವರಿಗೆ ಮಾತ್ರ.